ನೀಲಿ ಪರದೆ ಆರುವ ತನಕ

ಹಲ್ಲಿ ಮತ್ತೆ ಬಂತು, ಪರದೆಯ ನೀಲಿಗೆ ಹೊಟ್ಟೆ ಒತ್ತಿಕೊಂಡು ಕೂತಿದೆ, ಬೆಳಕು ಅದರ ಮೈಯನ್ನೇ ತೂರಿಕೊಂಡು ಬಂದು ಒಳಗಿನ ಎರಡು ಮೊಟ್ಟೆಗಳ ನೆರಳು ಕಾಣಿಸುತ್ತಿದೆ, ಬೆಚ್ಚಗಿದೆಯೇನೋ ಅಲ್ಲಿ, ನೀನಾದರೂ ಸುಖವಾಗಿರು ಮಾರಾಯ್ತಿ, ಈ ಮನೆಯಲ್ಲಿ ಈ ಹಾಳು ಕಂಪ್ಯೂಟರ್ ಡಬ್ಬಿಯಿಂದ ಉಪಕಾರ ಆಗುತ್ತಿರುವುದು ನಿನಗೊಬ್ಬಳಿಗೇ — ಸೆಟ್ಟಿಂಗ್ ಉಳಿಸುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ನಿಂತಿದೆ, ಏನು ಉಳಿಸುತ್ತೀಯೆ, ಯಾರಿಗೆ ಉಳಿಸುತ್ತೀಯೆ, ಬೆಳಗ್ಗಿನಿಂದ ನಿನ್ನನ್ನು ಮುಚ್ಚುವುದು ತೆರೆಯುವುದು ಬಿಟ್ಟು ನಾನು ಇನ್ನೇನೂ ಮಾಡಿಲ್ಲವಲ್ಲ. ತೆರೆದುಕೊಳ್ಳುವಾಗ ಚುರುಕು, ಕೆಲಸ ಮಾಡುವಾಗ ಚುರುಕು, ಮುಚ್ಚು ಅಂದಾಗ ಮಾತ್ರ ಈ ಹಟ, ಒಂದು ಸಿಗರೇಟು ಹಚ್ಚಿದರೆ ಅದು ಬೆರಳು ಸುಡುವ ತನಕ ಹೀಗೇ ನೀಲಿಯಾಗಿ ನಿಂತಿರುತ್ತದೆ, ರೀಸ್ಟಾರ್ಟ್ ಅಂದರೂ ಅದೇ ರಾಗ, ವೈರಸ್ ಇದೆಯೇನೋ ಎಂದು ಹುಡುಕಿದೆ, ಇತ್ತು, ಕೊಂದೆ, ಬೇಡದ ಪ್ರೋಗ್ರಾಮುಗಳನ್ನೆಲ್ಲ ಕಿತ್ತು ಹಾಕಿದೆ, ಇಲ್ಲದ ಪ್ರಿಂಟರನ್ನು ಇದೆ ಎಂದು ನಂಬಿಕೊಂಡಿತ್ತು, ಆ ನಂಬಿಕೆಯನ್ನೂ ಅಳಿಸಿದೆ, ಡಿಸ್ಕ್ ಪರೀಕ್ಷೆ ಮಾಡಿದೆ, ಡಬ್ಬಿ ಬಿಚ್ಚಿ ಇರುವೆಗೂಡು ಗುಡಿಸಿ ಮೆಮೊರಿ ಪಟ್ಟಿಗೆ ರಬ್ಬರ್ ಉಜ್ಜಿದೆ, ಏನೂ ಇಲ್ಲ, ಏನು ಮಾಡಿದರೂ ಅದೇ ಹೊತ್ತು, ಒಂದು ಉಸಿರು ಹೆಚ್ಚಿಲ್ಲ ಒಂದು ಉಸಿರು ಕಡಿಮೆ ಇಲ್ಲ, ಕೆಟ್ಟ ಯಂತ್ರ ಹೀಗಿರುವುದಿಲ್ಲ, ಕೆಟ್ಟದ್ದು ಒಂದೊಂದು ಸಲ ಒಂದೊಂದು ಥರ ಕೆಡುತ್ತದೆ, ಇದು ಬೇಕೆಂದೇ ಕಾಯುತ್ತಿದೆ, ಯಾವುದಕ್ಕೆ ಎಂದು ಹೇಳುತ್ತಿಲ್ಲ ಅಷ್ಟೇ. ಹಿಂದೆ ಅಪ್ಪ, ಕಂಬಕ್ಕೆ ಒರಗಿ, ಲಕ್ವ ಹೊಡೆದ ಬಲಗೈ ತೊಡೆಯ ಮೇಲೆ ಯಾರದೋ ವಸ್ತುವಿನ ಹಾಗೆ ಬಿದ್ದಿದೆ, ಬಾಯಿಯ ಒಂದು ಮೂಲೆ ಇಳಿದಿದೆ, ಕಣ್ಣು ಆ ನೀಲಿಯ ಮೇಲೆ, ಹೀಗೇ ನೋಡುತ್ತಾನೆ, ದಿನಾ ಸಂಜೆ ಇದು ಆರುವ ತನಕ ನೋಡುತ್ತಾನೆ, ಅದೇ ಈಗ ಊರಿನ ಮಾತಾಗಿದೆ — ವಿಲಿಯಾಮು ಖಾಲಿಯಾಗಿದ್ದಾನೆ, ಸತ್ತ ಪರದೆ ನೋಡ್ತಾ ಕೂತಿರ್ತಾನೆ. ಸೋಮವಾರ ಮನೆತನದವರೆಲ್ಲ ಸೇರುತ್ತಾರೆ, ಅಪ್ಪನ ಮತಾಯಿ ಪಟ್ಟ, ಮನೆತನದ ಯಜಮಾನಿಕೆ, ತೆಗೆದು ತಮ್ಮ ಮರೆಕೊಗೆ ಕೊಡಬೇಕೋ ಬೇಡವೋ ಅಂತ ಮಾತಾಡಲಿಕ್ಕೆ, ಮರೆಕೊ ಚಿಕ್ಕಪ್ಪ ಎಲ್ಲರಿಗೂ ಹೇಳಿಟ್ಟಿದ್ದಾನೆ, ಅಣ್ಣನ ಮೇಲೆ ನಂಗೆ ಪ್ರೀತಿ ಇಲ್ವಾ, ಆದ್ರೆ ನೀವೇ ಬಂದು ನೋಡಿ, ಡಬ್ಬಿ ಮುಂದೆ ಕೂತು ಜೊಲ್ಲು ಸುರಿಸ್ತಾ ಇರ್ತಾನೆ, ಪಟ್ಟ ಹೊತ್ತೋನು ಹಿಂಗಿದ್ರೆ ನಾಳೆ ಊರ ಸಭೆಯಲ್ಲಿ ನಮ್ಮ ಮನೆ ಪರವಾಗಿ ಮಾತಾಡೋರು ಯಾರು — ಇವತ್ತು ಸಂಜೆ ಪ್ರಾರ್ಥನೆಗೆ ಇಲ್ಲಿಗೇ ಬರುತ್ತಾನಂತೆ, ಕಣ್ಣಾರೆ ನೋಡಿ ಸಾಕ್ಷಿ ಹೇಳುವುದಕ್ಕೆ. ಅದಕ್ಕೇ ಈ ಡಬ್ಬಿ ಇವತ್ತು ಸರಿಯಾಗಬೇಕು, ಒತ್ತಿದ ತಕ್ಷಣ ಆರಬೇಕು, ಪರದೆಯೇ ಇಲ್ಲದಿದ್ದರೆ ಅಪ್ಪ ಏನನ್ನು ನೋಡಿಕೊಂಡು ಕೂರುತ್ತಾನೆ, ಚಿಕ್ಕಪ್ಪ ಯಾವುದಕ್ಕೆ ಸಾಕ್ಷಿ ಹೇಳುತ್ತಾನೆ.

ಆರಿತು, ಕೊನೆಗೂ, ಹಲ್ಲಿ ಬೆಚ್ಚಿ ಕಪ್ಪು ಗಾಜಿನ ಮೇಲೆ ಜಾರಿತು, ಮತ್ತೆ ಗುಂಡಿ ಒತ್ತುತ್ತೇನೆ, ಫ್ಯಾನು ಗೊರ್ ಅನ್ನುತ್ತದೆ, ಈ ಸದ್ದು — ಈ ಸದ್ದು ಕೇಳಿದರೆ ಈಗಲೂ ಹಡಗುಕಟ್ಟೆಯ ವಾಸನೆ ಬರುತ್ತದೆ ನನಗೆ, ಡೀಸೆಲ್ಲು, ಒಣಮೀನು, ಮಳೆಗೆ ನೆನೆದ ರಟ್ಟು, ಆಕ್ಲೆಂಡಿನ ಅತ್ತೆ ಹಳೆಯ ಹಾಸಿಗೆಯಲ್ಲಿ ಸುತ್ತಿ ಕಳಿಸಿದ್ದಳು ಇದನ್ನು, ಜೊತೆಗೆ ಒಂದು ಡ್ರಮ್ಮಿನ ತುಂಬ ಉಪ್ಪುಮಾಂಸ ಮತ್ತು ಯಾರಿಗೂ ಆಗದ ಬೂಟುಗಳು, ಬಸ್ಸಿನಲ್ಲಿ ಜಾಗ ಇರಲಿಲ್ಲ, ನಮ್ಮ ಸವಾಯಿ ದ್ವೀಪದ ಬಸ್ಸಿನಲ್ಲಿ ಯಾವತ್ತು ಜಾಗ ಇತ್ತು, ಅಪ್ಪ ಗೊತ್ತಿಲ್ಲದ ಒಬ್ಬ ದಪ್ಪ ಹೆಂಗಸಿನ ತೊಡೆಯ ಮೇಲೆ ಕೂತ, ಅಪ್ಪನ ತೊಡೆಯ ಮೇಲೆ ಕಂಪ್ಯೂಟರು, ಅದರ ಮೇಲೆ ನನ್ನ ಎರಡು ಕೈ, ಇಡೀ ಬಸ್ಸು ಕೇಳುತ್ತಿತ್ತು, ಏನಪ್ಪಾ ವಿಲಿಯಾಮು, ಎಳೇ ಕೂಸಾ, ಅಪ್ಪ ಹೂಂ ಕಣ್ರೀ, ಆಕ್ಲೆಂಡಲ್ಲಿ ಹುಟ್ಟಿದ್ದು, ಪೇಟೆ ಕೂಸು, ಮುಟ್ಟಬೇಡಿ ಅಳುತ್ತೆ ಅಂದ, ಆ ಹೆಂಗಸು ನಕ್ಕಾಗ ಅಪ್ಪನೂ ಕಂಪ್ಯೂಟರೂ ನನ್ನ ಕೈಯೂ ಒಟ್ಟಿಗೆ ಕುಲುಕಿದವು. ನಾನು ಶಾಲೆ ಬಿಟ್ಟು ಆಗ ತಿಂಗಳೂ ಆಗಿರಲಿಲ್ಲ, ಬಿಟ್ಟೆ ಎಂದರೆ ಎದ್ದು ಬಂದೆ, ಕೈ ಚಾಚು ಅಂದರು ಮೇಷ್ಟರು, ಕೈಯಲ್ಲಿ ತೆಂಗಿನಗರಿಯ ಕಡ್ಡಿ ಪೊರಕೆ, ಯಾಕೆ ಎಂದು ಕೇಳಿದೆ, ಕೇಳಿದ್ದೇ ತಪ್ಪಾಯಿತು, ಕೆನ್ನೆಗೆ ಬಾರಿಸಿದರು, ಕಡ್ಡಿಯ ಗೀರು ಕಿವಿಯ ತನಕ ಎದ್ದಿತ್ತು, ಪೊರಕೆ ಕಿತ್ತುಕೊಂಡು ಕಿಟಕಿಯಾಚೆ ಎಸೆದು ನಡೆದುಬಿಟ್ಟೆ, ಸಮುದ್ರದ ದಾರಿಯುದ್ದಕ್ಕೂ ಕೂಗಿಕೊಂಡು ಬೈದುಕೊಂಡು ಬಂದೆ, ಮನೆಗೆ ಬಂದರೆ ಅಮ್ಮ ಅತ್ತಳು, ಚಿಕ್ಕಪ್ಪ ನಮ್ಮ ಮನೆತನದ ಮರ್ಯಾದೆ ಹೋಯ್ತು ಅಂದ, ಅಪ್ಪ ಏನೂ ಅನ್ನಲಿಲ್ಲ, ಅಪ್ಪ ಅವತ್ತು ಏನೂ ಅನ್ನದಿದ್ದುದಕ್ಕೆ ನಾನು ಎಷ್ಟು ದಿನ ಕಾದೆ, ಬೈಯಲಿ ಎಂದು ಕಾದೆ, ಹೊಡೆಯಲಿ ಎಂದು ಕಾದೆ, ಕೊನೆಗೆ ಈ ಡಬ್ಬಿ ಬಂತು, ಹಾಸಿಗೆ ಬಿಚ್ಚಿ ಚಾಪೆಯ ಮೇಲೆ ಇಟ್ಟು ಒಂದು ಸ್ಕ್ರೂಡ್ರೈವರ್ ನನ್ನ ಮುಂದೆ ಹಾಕಿದ, ಪುಸ್ತಕ ಓದೋದಿಲ್ಲ ಅಂದ್ಯಲ್ಲ, ಇದನ್ನ ಓದು.

ಓದಿದೆ. ಸುಟ್ಟು ಓದಿದೆ, ಒಡೆದು ಓದಿದೆ, ಕಲಿಸುವವರಿಲ್ಲದೆ ಬೈದುಕೊಂಡು ಓದಿದೆ, ಈಗ ಊರಲ್ಲಿ ಯಾರ ಫೋನು ನೀರಿಗೆ ಬಿದ್ದರೂ ನೀಕೊ ಬೇಕು, ಪಾದ್ರಿಯ ಟೀವಿ ಹಾಡದಿದ್ದರೆ ನೀಕೊ, ಕೆಲಸ ಮುಗಿದ ಮೇಲೆ ಮಾತ್ರ ಶಾಲೆ ಬಿಟ್ಟ ಪೋಲಿ ನೀಕೊ, ಈ ಊರಿಗೆ — ಬೇಡ, ಈಗ ಬೇಡ, ಸಿಟ್ಟಿನಲ್ಲಿ ಏನಾದರೂ ಅಳಿಸಿಬಿಡುತ್ತೇನೆ. ಅಪ್ಪ ಸಿಟ್ಟು ಮಾಡುತ್ತಿರಲಿಲ್ಲ, ಚರ್ಚಿನ ಹಾಡುಗಾರರಿಗೆ ಹಾಡಿನ ಸಾಲುಗಳನ್ನು ಇದರಲ್ಲೇ ಹೊಡೆದು ಕೊಡುತ್ತಿದ್ದ, ಎರಡೇ ಬೆರಳು, ಒಂದೊಂದು ಅಕ್ಷರಕ್ಕೂ ಕೋಳಿ ಕಾಳು ಹುಡುಕಿದ ಹಾಗೆ ಹುಡುಕಿ ಕುಕ್ಕುತ್ತಿದ್ದ, ಅಮ್ಮ ಇದಕ್ಕೆಂದೇ ಕೊಕ್ಕೆಸೂಜಿಯಲ್ಲಿ ಹಳದಿ ಹೂವಿನ ಹೊದಿಕೆ ಹೆಣೆದಿದ್ದಳು, ಸಂಜೆ ಪ್ರಾರ್ಥನೆಯ ಮೊದಲ ಗಂಟೆ ಬಾರಿಸಿದ ತಕ್ಷಣ ಮುಚ್ಚಬೇಕು, ಹೊದಿಕೆ ಹಾಕಬೇಕು, ಊರೆಲ್ಲ ಒಳಗೆ ಹೋಗಿ ಪ್ರಾರ್ಥನೆಗೆ ಕೂರುವಾಗ ಇದೊಂದು ಕಣ್ಣು ಬಿಟ್ಕೊಂಡಿರೋದಾ ಅನ್ನುತ್ತಿದ್ದ ಅಪ್ಪ, ಈ ಮನೆಯಲ್ಲಿ ಇರೋರೆಲ್ಲ ಪ್ರಾರ್ಥನೆ ಮಾಡಿಯೇ ಮಲಗಬೇಕು, ಡಬ್ಬಿಯೂ ಅಷ್ಟೇ. ಈಗ ಮಾತು ಹೋಗಿದೆ, ಕಟ್ಟುನಿಟ್ಟು ಹೋಗಿಲ್ಲ, ಗಂಟೆ ಆದರೆ ಎಡಗೈಯಿಂದ ಚಾಪೆಯನ್ನು ದಬದಬ ಬಡಿಯುತ್ತಾನೆ, ಪೆಪೆ ಅಕ್ಕ ಓಡಿ ಬಂದು ಮುಚ್ಚುತ್ತಾಳೆ, ಆಮೇಲೆ ಆ ನೋಟ ಶುರು. ಒಂದು ಸಲ ಅವಳಿಗೆ ರೋಸಿ ಹೋಗಿ ಅರ್ಧದಲ್ಲೇ ಪ್ಲಗ್ಗು ಕಿತ್ತಳು, ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು, ಮನುಷ್ಯನದ್ದಲ್ಲ ಅದು, ಅಳುತ್ತಾ ಊಟ ಮುಟ್ಟಲಿಲ್ಲ, ಅಂದಿನಿಂದ ಪ್ಲಗ್ಗು ಯಾರೂ ಮುಟ್ಟುವುದಿಲ್ಲ.

ಹಿಂದಿನ ಅಡುಗೆ ಚಪ್ಪರದಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಾಳೆ, ಕರಕರ ಕರಕರ, ನಾಳೆ ಭಾನುವಾರದ ಊಟಕ್ಕೆ, ಕೆಸುವಿನ ಎಲೆಗೆ ತೆಂಗಿನಹಾಲು ಹುಯ್ದು ಕಟ್ಟಿಡುತ್ತಾಳೆ, ಇಲ್ಲಿಂದಲೇ ಕೂಗುತ್ತೇನೆ, ಅಮ್ಮಾ, ನಾನು ಹಣ್ಣು ಕೀಳೋದಕ್ಕೆ ನ್ಯೂಜಿಲೆಂಡಿಗೆ ಹೋಗಿದ್ದಾಗ ಇದನ್ನ ಯಾರು ಮುಟ್ಟಿದ್ರು, ಯಾರೂ ಇಲ್ಲ ಕಣೋ, ನಿಮ್ಮಪ್ಪ ಒಬ್ರೇ, ಏನು ಮಾಡಿದ್ರು, ನಂಗೇನು ಗೊತ್ತೋ, ಹಾಡು ಹೇಳಿಸೋರು, ಯಾರಿಗೆ, ಅದಕ್ಕೇ — ತುರಿಯುವ ಸದ್ದು ನಿಲ್ಲುವುದಿಲ್ಲ, ಅವಳಿಗೆ ಇದು ದೊಡ್ಡ ವಿಷಯವೇ ಅಲ್ಲ — ಅದು ಮಲಗೋ ಮುಂಚೆ ಪ್ರಾರ್ಥನೆ ಹಾಡು ಹಾಡ್ತಿತ್ತಲ್ಲ, ನಾವೂ ಅದರ ಜೊತೆಗೇ ಹಾಡ್ತಿದ್ವಿ, ಆಮೇಲೆ ನಿಮ್ಮಪ್ಪ ಆಸ್ಪತ್ರೇಲಿದ್ದಾಗ ಮರೆಕೊ ಬಂದು ಅದರ ಬಾಯಿಗಳನ್ನ ತಗೊಂಡು ಹೋದ, ಬಿಂಗೊ ಆಟಕ್ಕೆ ಬೇಕು ಅಂತ, ಎರಡು ದಿನ ಅಂದ, ಕೊಡ್ಲೇ ಇಲ್ಲ, ಬಾಯಿಗಳಾ, ಅದೇ ಕಣೋ ಆ ಕರಿ ಡಬ್ಬಿಗಳು, ಹಾಡು ಬರೋದು. ಅಮ್ಮಾ ಇದನ್ನ ಯಾಕೆ ನಂಗೆ ಮೊದಲೇ ಹೇಳ್ಲಿಲ್ಲ. ನೀನು ಕೇಳಿದ್ಯಾ? ನೀನು ಬಂದಾಗಿಂದ ಆ ಡಬ್ಬಿ ಮುಂದೆ ಕೂತು ಬೈತಾನೇ ಇದ್ದೀಯ, ನಡುವೆ ಎಲ್ಲಿ ಮಾತಾಡ್ಲಿ ನಾನು.

ನ್ಯೂಜಿಲೆಂಡಿನ ತೋಟ, ಕಿತ್ತಳೆ ಬಣ್ಣದ ಏಣಿ, ಹೆಗಲಿಗೆ ಕಟ್ಟಿದ ಸೇಬಿನ ಚೀಲ, ಬೆರಳು ಮರಗಟ್ಟುವ ಚಳಿ, ಜೇಬಿನಲ್ಲಿ ಫೋನು ನಡುಗಿತ್ತು, ಕೆಳಗೆ ಮೇಸ್ತ್ರಿ ಗುರಾಯಿಸುತ್ತಿದ್ದ, ಅಪ್ಪ, ಏನಪ್ಪ ಬೇಗ ಹೇಳು, ಮಗಾ ಇದು ಮುಚ್ಚುವಾಗ ಟಿಣ್ ಅನ್ನುತ್ತಲ್ಲ, ಆ ಸದ್ದಿನ ಬದಲು ಬೇರೆ ಹಾಕಬಹುದಾ, ಹಾಕಬಹುದು, ಎಲ್ಲಿ ಒತ್ತಲಿ, ಒದರಿದೆ ನಾನು, ಅಲ್ಲಿ ಒತ್ತು, ಇಲ್ಲಿ ಒತ್ತು, ಸೌಂಡ್ ಅಂತ ಇರುತ್ತೆ, ಕೆಳಗೆ ಹೋಗು, ಇನ್ನೂ ಕೆಳಗೆ, ಅಪ್ಪ ಒಂದೊಂದನ್ನೂ ತಿರುಗಿ ಹೇಳುತ್ತಾ ಒತ್ತುತ್ತಿದ್ದ, ಕೋಳಿ ಕುಕ್ಕಿದ ಹಾಗೆ, ಸಿಕ್ತು ಮಗಾ ಸಿಕ್ತು, ಆಮೇಲೆ ಊಟ ಆಯ್ತಾ ಅಂದ, ಅಲ್ಲಿ ತುಂಬ ಚಳಿಯಾ, ನಾನು ಆಮೇಲೆ ಮಾಡ್ತೀನಪ್ಪ ಎಂದು ಇಟ್ಟೆ, ಯಾವ ಸದ್ದು, ಯಾಕೆ, ಒಂದೂ ಕೇಳಲಿಲ್ಲ. ಈಗ ಅದೇ ದಾರಿಯಲ್ಲಿ ನನ್ನ ಮೌಸು ಇಳಿಯುತ್ತಿದೆ, ಅಲ್ಲಿ ಒತ್ತು, ಇಲ್ಲಿ ಒತ್ತು, ಸೌಂಡ್, ಕೆಳಗೆ, ಇನ್ನೂ ಕೆಳಗೆ, ಸ್ಪೀಕರೇ ಇಲ್ಲದ ಯಂತ್ರದಲ್ಲಿ ಸದ್ದಿನ ಪಟ್ಟಿ ತೆರೆದು ನೋಡಬೇಕು ಎಂದು ಯಾವ ಬುದ್ಧಿವಂತನಿಗೂ ಹೊಳೆಯುವುದಿಲ್ಲ, ಇದೆ, ಮುಚ್ಚುವಾಗಿನ ಸದ್ದು ಎಂಬಲ್ಲಿ ಒಂದು ದೊಡ್ಡ ಫೈಲು, ಹೆಸರು ಲೊತು, ಅಂದರೆ ಪ್ರಾರ್ಥನೆ, ಒಂದು ಸಿಗರೇಟು ಸುಡುವಷ್ಟು ಉದ್ದದ್ದು. ಕೆಟ್ಟಿಲ್ಲ ಇದು. ಹಾಡುತ್ತಿದೆ. ಬಾಯಿ ಕಿತ್ತುಕೊಂಡು ಹೋದ ಮೇಲೂ ದಿನಾ ಹಾಡುತ್ತಿದೆ, ಮುಗಿಯುವ ತನಕ ಆರುವುದಿಲ್ಲ, ಅಪ್ಪ ಅದಕ್ಕೇ — ತಿರುಗಿ ನೋಡುತ್ತೇನೆ, ಅಪ್ಪನ ಕಣ್ಣು ಪರದೆಯ ಮೇಲಿಲ್ಲ ಈಗ, ನನ್ನ ಮೇಲಿದೆ, ಬಾಣಲೆಯ ತಳದ ಎಣ್ಣೆಯ ಹಾಗೆ ಹೊಳೆಯುತ್ತಿದೆ.

ಒಂದು ಕ್ಲಿಕ್ಕು ಸಾಕು, ಸದ್ದು ಇಲ್ಲ ಎಂಬುದನ್ನು ಒತ್ತಿದರೆ ಒತ್ತಿದ ತಕ್ಷಣ ಆರುವ ಯಂತ್ರ, ಬೆಳಗ್ಗಿನಿಂದ ನನಗೆ ಬೇಕಾಗಿದ್ದು ಇದೇ, ಚಿಕ್ಕಪ್ಪ ಬರುತ್ತಾನೆ, ಪರದೆ ಟಕ್ಕನೆ ಆರುತ್ತದೆ, ಅಪ್ಪ ಎಲ್ಲರ ಹಾಗೆ ಕೂತಿರುತ್ತಾನೆ, ಸಾಕ್ಷಿ ಇಲ್ಲ — ಇಲ್ಲ, ಆಗ ಪೆಪೆ ಪ್ಲಗ್ಗು ಕಿತ್ತ ದಿನದ ಆ ಸದ್ದು ಬರುತ್ತದೆ ಅಪ್ಪನ ಗಂಟಲಿಂದ, ಎಲ್ಲರ ಮುಂದೆ, ಇನ್ನೇನು ಬೇಕು ಚಿಕ್ಕಪ್ಪನಿಗೆ, ಬಾಯಿಗಳು, ಅದರ ಬಾಯಿಗಳು ಬೇಕು — ಢಣ್ ಎಂದು ಮೊದಲ ಗಂಟೆ, ಖಾಲಿ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ಸಲಾಕೆ, ಅಪ್ಪನ ಕೈ ಚಾಪೆ ಬಡಿಯುತ್ತದೆ, ದಬ ದಬ, ಅಪ್ಪಾ ತಡಿ, ಅಕ್ಕಾ ಅದನ್ನ ಮುಟ್ಟಬೇಡ, ನಾನು ಬರೋ ತನಕ ಮುಚ್ಚಬೇಡ, ಎಲ್ಲಿಗೋ ಹೋಗ್ತೀಯ ಈ ಹೊತ್ತಲ್ಲಿ, ಹುಚ್ಚು ಹಿಡೀತಾ ನಿಂಗೆ, ಓಡುತ್ತಿದ್ದೇನೆ, ದಾರಿಗೆ ಹಾಸಿದ ಹವಳದ ಚೂರು ಅಂಗಾಲಿಗೆ ಚುಚ್ಚುತ್ತದೆ, ಹಂದಿಯೊಂದು ಅಡ್ಡ ಬಂದು ಹೋಗುತ್ತದೆ, ರಸ್ತೆಯುದ್ದಕ್ಕೂ ಊರಿನ ಗಂಡು ಹುಡುಗರು ಒಂದೇ ಬಣ್ಣದ ಪಂಚೆಯಲ್ಲಿ ಕಾವಲು ನಿಂತಾಗಿದೆ, ಏಯ್ ನೀಕೊ, ಎರಡನೇ ಗಂಟೆ ಆದ್ಮೇಲೆ ರಸ್ತೇಲಿ ಕಂಡ್ರೆ ದಂಡಕ್ಕೆ ಒಂದು ಹಂದಿ ಕಣೋ, ನಿನ್ನನ್ನೇ ಕೊಡ್ತೀನಿ ಬಿಡೋ, ಹಂದಿಗಿಂತ ದಪ್ಪ ಇದ್ದೀಯ, ಅವನು ನಗುತ್ತಾನೆ, ನಾನೂ ಆ ಸಾಲಿನಲ್ಲಿ ನಿಲ್ಲುತ್ತಿದ್ದೆ, ಮನೆಮನೆಯಿಂದಲೂ ಹಾಡು ಎದ್ದು ಕತ್ತಲಾಗುವ ಮುಂಚಿನ ಗಾಳಿಯಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತಿತ್ತು, ನಮ್ಮ ಮನೆಯ ಹಾಡನ್ನು ಅಷ್ಟರಲ್ಲೂ ಗುರುತು ಹಿಡಿಯುತ್ತಿದ್ದೆ, ಮೂರನೇ ಚರಣಕ್ಕೆ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದುದು ನಮ್ಮದೊಂದೇ. ಹೆಂಗಸರ ಸಂಘದ ಕೋಣೆ, ಬಿಂಗೊ ಆಡುವುದು ಇಲ್ಲೇ, ಬಾಗಿಲು ತೆರೆದೇ ಇದೆ, ಗಾಳಿಗೆ ಹೊಡೆದುಕೊಳ್ಳದ ಹಾಗೆ ತಡೆದು ನಿಲ್ಲಿಸಿರುವುದು — ನಮ್ಮ ಸ್ಪೀಕರು! ಒಂದು ಬಾಗಿಲಿಗೆ, ಇನ್ನೊಂದು ಕಿಟಕಿಗೆ, ಕಲ್ಲಿನ ಬದಲು, ಇದಕ್ಕಾ ತಗೊಂಡು ಹೋಗಿದ್ದು ಚಿಕ್ಕಪ್ಪ, ಇದಕ್ಕಾ, ಒಂದರ ವೈರು ಇಲಿ ಕಡಿದಿದೆ, ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದೇನೆ, ಹಿಂದೆ ಬಾಗಿಲು ಧಡಾರನೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ.

ಬಂದಿದ್ದಾನೆ, ಬಿಳಿ ಅಂಗಿ, ಎಣ್ಣೆ ಹಚ್ಚಿದ ತಲೆ, ಅಪ್ಪನ ಕಂಬದ ಎದುರಿನ ಕಂಬಕ್ಕೆ ಒರಗಿ ಆಗಲೇ ಯಜಮಾನನ ಹಾಗೆ ಕೂತಿದ್ದಾನೆ, ಏನಪ್ಪಾ ಇಂಜಿನಿಯರು, ಸರಿ ಹೋಯ್ತಾ ನಿಮ್ಮಪ್ಪನ ಸಿನಿಮಾ, ನಾನು ವೈರನ್ನು ಹಲ್ಲಿನಿಂದ ಸುಲಿಯುತ್ತೇನೆ, ತಾಮ್ರ ನಾಲಿಗೆಗೆ ಉಪ್ಪುಪ್ಪು, ತಿರುಚುತ್ತೇನೆ, ಸಿಕ್ಕಿಸುತ್ತೇನೆ, ಅದು ಬಿಂಗೊದಲ್ಲಿ ಇದ್ದದ್ದಲ್ವಾ, ಕೇಳದೆ ತಂದ್ಯಾ, ಅಪ್ಪನ್ನ ಕೇಳದೆ ಹೋಗಿತ್ತು ಚಿಕ್ಕಪ್ಪ, ಕೇಳದೆ ಬಂತು, ಪೆಪೆ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಅಮ್ಮ ಕೈಯ ತೆಂಗಿನಹಾಲು ಉಟ್ಟ ಬಟ್ಟೆಗೆ ಒರೆಸುತ್ತಾ ಬಂದು ಕೂತಳು, ಢಣ್ ಢಣ್ ಎರಡನೇ ಗಂಟೆ, ಊರು ಮೌನ, ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ಅಣ್ಣನಿಗೆ ಆಗೋದಿಲ್ವಲ್ಲ, ನಾನೇ ಶುರು ಮಾಡ್ತೀನಿ ಎನ್ನುತ್ತಾನೆ, ಬಾಯಿ ತೆರೆಯುತ್ತಾನೆ, ನಾನು ಶಟ್‌ಡೌನ್ ಒತ್ತುತ್ತೇನೆ.

ಕರ್ ಎಂದಿತು, ಸುಮ್ಮನಾಯಿತು, ಆಮೇಲೆ ನೀಲಿಯೊಳಗಿಂದ ಅಮ್ಮನ ಗಂಟಲು, ಈ ಅಮ್ಮನದಲ್ಲ, ಎರಡು ವರ್ಷ ಚಿಕ್ಕ ಅಮ್ಮನದು, ಅದರ ಕೆಳಗೆ ಪೆಪೆ, ಅದರ ಕೆಳಗೆ ನೆಲ ಹಾಸಿದ ಹಾಗೆ ಅಪ್ಪ, ಅಪ್ಪನ ದನಿ, ನನಗೆ ಮರೆತೇ ಹೋಗಿತ್ತು ಅದು ಎಷ್ಟು ಅಗಲ ಎಂದು, ಹಿಂದೆ ತಗಡಿನ ಮೇಲೆ ಮಳೆ, ಯಾರೋ ಕೆಮ್ಮಿದ್ದು, ಅಮ್ಮ ಆಗಲೇ ತನ್ನದೇ ದನಿಯ ಜೊತೆ ಸೇರಿಕೊಂಡಿದ್ದಾಳೆ, ಚಿಕ್ಕಪ್ಪನ ತೆರೆದ ಬಾಯಿ ಹಾಗೇ ಇದೆ, ಆಮೇಲೆ ಚಿಕ್ಕಪ್ಪ ಅಪ್ಪನ ಕಡೆ ನೋಡುತ್ತಾನೆ, ನಾನೂ ನೋಡುತ್ತೇನೆ, ಅಪ್ಪನ ಎಡಗೈಯ ತೋರುಬೆರಳು ಮೊಣಕಾಲಿನ ಮೇಲಿಂದ ಎದ್ದಿದೆ. ಚರ್ಚಿನಲ್ಲೂ ಹೀಗೇ, ಬೇರೆಯವರು ಎರಡೂ ತೋಳು ಬೀಸುತ್ತಿದ್ದರು, ಅಪ್ಪನದು ಒಂದೇ ಬೆರಳು, ಆ ಬೆರಳು ಯಾರ ಕಡೆ ಹೋದರೆ ಅವರು ಹಾಡಬೇಕು, ನಲವತ್ತು ಜನ ಆ ಒಂದು ಬೆರಳಿಗೆ ಹೆದರುತ್ತಿದ್ದೆವು, ಈಗ ಅದು ಪೆಪೆಯ ಕಡೆ ತಿರುಗುತ್ತದೆ, ತಿರುಗಿದ ಮೇಲೆ ಪೆಪೆಯ ದನಿ ಏಳುತ್ತದೆ ಸ್ಪೀಕರಿನಲ್ಲಿ, ಅಮ್ಮನ ಕಡೆ ತಿರುಗುತ್ತದೆ, ತಿರುಗಿದ ಮೇಲೆ ಅಮ್ಮ, ಮೊದಲು ಬೆರಳು, ಆಮೇಲೆ ದನಿ, ಕೇಳಿಸಿಕೊಂಡು ಅಲ್ಲಾಡಿಸುವವನ ಬೆರಳು ಹಾಡಿನ ಹಿಂದೆ ಬರುತ್ತದೆ, ಇದು ಮುಂದೆ ಹೋಗುತ್ತಿದೆ, ಅಪ್ಪ ಹಾಡನ್ನು ನಡೆಸುತ್ತಿದ್ದಾನೆ, ಇಷ್ಟು ತಿಂಗಳು ಒಂದು ಸದ್ದೂ ಇಲ್ಲದೆ ನಡೆಸುತ್ತಿದ್ದ, ಚಿಕ್ಕಪ್ಪನಿಗೂ ತಿಳಿಯಿತು, ಅವನೂ ಆ ನಲವತ್ತರಲ್ಲಿ ಒಬ್ಬನಾಗಿದ್ದವನಲ್ಲವೇ, ಬೆರಳು ತನ್ನ ಕಡೆ ಬಂದಾಗ ಬೆನ್ನು ನೆಟ್ಟಗೆ ಮಾಡಿದ, ತಡವರಿಸಿದ, ಹಾಡಿದ, ಅಣ್ಣ ಕರೆದರೆ ಓಡಿ ಬರುವ ತಮ್ಮನ ದನಿ ಅದು, ಕಣ್ಣು ಕೆಳಗೆ ಹಾಕಿಕೊಂಡು ಹಾಡುತ್ತಿದ್ದಾನೆ, ಸೋಮವಾರ ಏನು ಹೇಳುತ್ತೀಯೆ ಹೇಳು ಈಗ ಎಂದು ಕೇಳಬೇಕು, ಕೇಳುವುದಿಲ್ಲ, ಎರಡನೇ ಚರಣ ಮುಗಿಯುತ್ತಾ ಬಂತು, ಎಲ್ಲ ದನಿಗಳೂ ಒಟ್ಟಿಗೆ ಇಳಿದವು, ನಿಂತವು. ಮಳೆ ಮಾತ್ರ. ಸ್ಪೀಕರಿನಲ್ಲಿ ಆ ದಿನದ ಮಳೆ, ಒಂದು ಕೋಳಿ, ಯಾರೂ ಹಾಡುತ್ತಿಲ್ಲ, ಫೈಲು ಕೆಟ್ಟಿದೆಯೇನೋ, ಇಲ್ಲ, ಇಲ್ಲಿ ಒಬ್ಬನೇ ಹಾಡಬೇಕು, ಒಂದು ಸಾಲು, ಆಮೇಲೆ ಎಲ್ಲರೂ, ಚಿಕ್ಕಂದಿನಿಂದಲೂ ಈ ಸಾಲು ನನ್ನದು, ನಾನು ಆಗ ಏಣಿಯ ಮೇಲಿದ್ದೆ, ಬೇರೆ ಯಾರಿಂದಲೂ ಹಾಡಿಸದೆ ಅಷ್ಟು ಜಾಗ ಹಾಗೇ ಬಿಟ್ಟಿದ್ದಾನೆ ಅಪ್ಪ, ಮಳೆ ಬೀಳುತ್ತಿದೆ ಅದರೊಳಗೆ, ದಿನಾ ಸಂಜೆ ನೀಲಿ ಆರುವ ಮುಂಚೆ ಬೆರಳು ನನ್ನ ಕಡೆ ಏಳುತ್ತಿತ್ತು, ನೀರು ಬೇಕೇನೋ ಎಂದು ಚೊಂಬು ಹಿಡಿಯುತ್ತಿದ್ದೆ, ತಳ್ಳುತ್ತಿದ್ದ, ನನಗೆ ಸಿಟ್ಟು ಬರುತ್ತಿತ್ತು, ಬೇಕೂ ಅಂತೀಯ ಬೇಡಾ ಅಂತೀಯ — ನೀರಲ್ಲ, ನೀರಲ್ಲ, ಶಾಲೆ ಬಿಟ್ಟಾಗಿನಿಂದ ನಾನು ಹಾಡಿಲ್ಲ, ಸಾಲಿನ ಮೊದಲ ಪದ ಹುಡುಕುತ್ತೇನೆ, ಮಳೆ ಇನ್ನೂ ಬೀಳುತ್ತಿದೆ, ಎಲ್ಲರೂ ಉಸಿರು ಹಿಡಿದಿದ್ದಾರೆ, ಅಪ್ಪನ ಇಳಿದ ತುಟಿಯ ಮೂಲೆ ನಡುಗುತ್ತಿದೆ, ಬೆರಳು ನಡುಗುತ್ತಿಲ್ಲ, ಬೆರಳು ನನ್ನ ಕಡೆಗೆ, ನೆಟ್ಟಗೆ, ಬೆರಳು ನನ್ನ ಕಡೆಗೆ, ಬೆರಳು —